78 ಪೈಸೆಯ ಸೋಮಾರಿಗಳು

ಶಾಲೆಯ ಬಿಸಿಯೂಟದ ಮೊಟ್ಟೆ ಮತ್ತೆ ಸುದ್ದಿಯಲ್ಲಿದೆ. ಮೊಟ್ಟೆ ಕೊಡಬೇಡಿ, ಕೊಟ್ಟರೆ ನಮ್ಮ ಮಕ್ಕಳ ಟಿ.ಸಿ. ಕೊಡಿ ಅಂತ ಕೆಲವು ಹೆತ್ತವರು ಪಟ್ಟು ಹಿಡಿದಿದ್ದರು. ಯಾವ ಊರು, ಯಾರು ಟಿ.ಸಿ. ಕೇಳಿದರು ಅಂತ ನಾನು ಹೇಳಬೇಕಾಗಿಲ್ಲ, ನಿಮ್ಮ ಫೋನಿಗೂ ಬಂದಿರುತ್ತದೆ. ನನ್ನ ಸಂಕಟ ಬೇರೆ. ಮೊಟ್ಟೆ ಸುದ್ದಿಯಾದ ಮಾರನೇ ಬೆಳಿಗ್ಗೆ ಪಾರ್ಕಿನಲ್ಲಿ ನಮ್ಮ ನಿವೃತ್ತ ಸಾಹೇಬರು ಸಿಕ್ಕೇ ಸಿಗುತ್ತಾರೆ.

"ಅಕ್ಕಿ ಬಿಟ್ಟಿ, ಹಾಲು ಬಿಟ್ಟಿ, ಈಗ ಮೊಟ್ಟೆನೂ ಬಿಟ್ಟಿ. ಹೆತ್ತೋರಿಗೆ ಇನ್ನೇನ್ರೀ ಕೆಲಸ? ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಜನಾನ ಸೋಮಾರಿ ಮಾಡಿಬಿಟ್ರು."

ಸಾಹೇಬರ ಮಾತು ತಳ್ಳಿಹಾಕುವಂಥದ್ದಲ್ಲ. ಬಿಟ್ಟಿಯ ವಿಷಯದಲ್ಲಿ ಅವರದ್ದು ಸೂಕ್ಷ್ಮ ಜ್ಞಾನ. ಪಿಂಚಣಿಗೆ ತುಟ್ಟಿಭತ್ಯೆ ಸೇರಿದರೆ ಅದು ಹಕ್ಕು. ಬಸ್ಸಿನಲ್ಲಿ ಹಿರಿಯರಿಗೆ ಕೊಡುವ ಶೇ. 25 ರಿಯಾಯಿತಿ ಗೌರವ. ಧರ್ಮಸ್ಥಳದಲ್ಲಿ ಪಂಕ್ತಿಗೆ ಕೂತು ಉಂಡರೆ ಪ್ರಸಾದ. ನಮ್ಮ ಬಿಸಿಯೂಟದ ಹೆಸರೂ ಅಕ್ಷರ ದಾಸೋಹವೇ. ಆದರೆ ಒಂದನೇ ಕ್ಲಾಸಿನ ಹುಡುಗಿ ತಟ್ಟೆ ಹಿಡಿದು ನಿಂತಳೋ, ದಾಸೋಹ ಅಲ್ಲೇ ಬಿಟ್ಟಿ ಕೂಳಾಗುತ್ತದೆ.

ಈ ಸೋಮಾರಿಗಳ ವೈಭೋಗದ ಲೆಕ್ಕ ನೋಡಿದೆ. 2025ರ ಮೇ ತಿಂಗಳಿಂದ ಐದನೇ ಕ್ಲಾಸಿನವರೆಗಿನ ಮಗುವಿನ ಒಂದೂಟದ ಸಾಮಗ್ರಿಗೆ 6 ರೂಪಾಯಿ 78 ಪೈಸೆ. 100 ಗ್ರಾಂ ಅಕ್ಕಿ ಬೇರೆ. ಬೇಳೆ 20 ಗ್ರಾಂ, ತರಕಾರಿ 50, ಎಣ್ಣೆ 5. ಈ 78 ಪೈಸೆ ನನಗೆ ಬಹಳ ಹಿಡಿಸಿತು. ನಾಲ್ಕಾಣೆಯ ನಾಣ್ಯವನ್ನೇ 2011ರಲ್ಲಿ ಹಿಂತೆಗೆದುಕೊಂಡ ದೇಶದಲ್ಲಿ ಯಾವನೋ ಪುಣ್ಯಾತ್ಮ ಫ್ಯಾನ್ ಕೆಳಗೆ ಕೂತು, 75 ಆದರೆ ಮಕ್ಕಳು ಸೊರಗುತ್ತವೆ, 80 ಆದರೆ ಕೆಟ್ಟುಹೋಗುತ್ತವೆ, 78 ಅಂದರೆ ಹದ ಅಂತ ಕಂಡುಕೊಂಡಿದ್ದಾನೆ. ಎಂಥಾ ಕೈಹದ! ನಮ್ಮನೆಯಲ್ಲಿ ಒಗ್ಗರಣೆ ಸೌಟು ನೆನೆಯುವುದಕ್ಕೇ ಐದು ಗ್ರಾಂ ಎಣ್ಣೆ ಸಾಲದು. ಸಾಹೇಬರ ಮೊಮ್ಮಗನ ನಾಮಕರಣದ ದಿನ ಎಲೆಗಳ ಮೇಲೆ ಉಳಿದಿದ್ದ ಹೋಳಿಗೆ ನೆನಪಾಯಿತು. ಬೇಡ ಬಿಡಿ, ನಾನೂ ಅಲ್ಲಿ ಮೂರು ಹೊಡೆದು ನಾಲ್ಕನೆಯದನ್ನು ಬಿಟ್ಟೆದ್ದವನೇ.

ಅಂದಹಾಗೆ ಆ ಮೊಟ್ಟೆ. ವಾರಕ್ಕೆ ಆರು ದಿನದ ಮೊಟ್ಟೆಯಲ್ಲಿ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ದುಡ್ಡು, ಸರ್ಕಾರದ್ದು ಎರಡೇ ದಿನ. ಅಂದರೆ ನಾಲ್ಕು ದಿನ ಸಾಹೇಬರು ತಮ್ಮದಲ್ಲದ ದುಡ್ಡಿಗೆ ಹೊಟ್ಟೆ ಉರಿಸಿಕೊಂಡಿದ್ದಾರೆ. ನಿಜವಾದ ದಾಸೋಹ ಇದು! ಮೊಟ್ಟೆಗೆ ಕಟ್ಟಿದ ದರ 6 ರೂಪಾಯಿ, ಅದರಲ್ಲೇ ಕೊಳ್ಳಬೇಕು, ಬೇಯಿಸಬೇಕು, ಸುಲಿಯಬೇಕು. ಅಂಗಡಿಯಲ್ಲಿ ಏಳಾದ ದಿನ ಹೆಡ್‌ಮಾಸ್ಟರು ಸ್ವಂತ ಜೇಬು ತಡಕುತ್ತಾರೆ.

ಅಡುಗೆಯವರದ್ದಂತೂ ಕೇಳಲೇಬೇಡಿ. ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ವರ್ಷದಲ್ಲಿ ಹತ್ತೇ ತಿಂಗಳು. 2009ರಿಂದ ಆ ಅಂಕಿ ಅಲ್ಲಾಡಿಲ್ಲ. ರಾಜ್ಯ ಮೇಲೊಂದಿಷ್ಟು ಸೇರಿಸುತ್ತದೆ, ಅದಕ್ಕೆ ಗೌರವಧನ ಅಂತ ಹೆಸರು. ಸಂಬಳ ಅಂದುಬಿಟ್ಟರೆ ತುಟ್ಟಿಭತ್ಯೆ ಕೇಳುತ್ತಾರಲ್ಲ.

ನನ್ನ ಗೆಳೆಯರೊಬ್ಬರು ಹಳ್ಳಿ ಶಾಲೆಯ ಮೇಷ್ಟ್ರು. ಅವರ ಕ್ಲಾಸಿನ ಹುಡುಗ ಅನ್ನ ಉಂಡು, ಮೊಟ್ಟೆಯನ್ನು ಮಾತ್ರ ಚಡ್ಡಿ ಜೇಬಿಗೆ ಇಳಿಸುತ್ತಿದ್ದನಂತೆ. ಜೇಬೆಲ್ಲ ಹಳದಿ ಪುಡಿ. ಮನೆಯಲ್ಲಿ ತಂಗಿ ಇದ್ದಾಳೆ, ಇನ್ನೂ ಶಾಲೆಗೆ ಸೇರಿಲ್ಲ. ಸಾಹೇಬರಿಗೆ ಇದನ್ನೂ ಹೇಳಿದೆ.

"ನೋಡಿದ್ರಾ? ಈಗಲೇ ಕಳ್ಳತನ."

ಇಂಥ ಮಾತು ಸಿಕ್ಕರೆ ನನಗೆ ಒಂದು ವಾರದ ಅಂಕಣವಾಯಿತು, ಖುಷಿಪಡಬೇಕು. ಆಗಲಿಲ್ಲ. ಸಾಕಾಗಿದೆ ಕಣ್ರೀ. ಬೇಯಿಸಿದ ಊಟ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರಿನಲ್ಲಿ. ಅವತ್ತು ಉಂಡ ಮಕ್ಕಳಿಗೇ ಈಗ ಮಕ್ಕಳಾಗಿವೆ. ಕೊಡಬೇಕೋ ಬೇಡವೋ ಅಂತ ಹೊಟ್ಟೆ ತುಂಬಿದ ನಾವು ಇನ್ನೂ ಪಾರ್ಕಿನಲ್ಲಿ ಪಂಚಾಯ್ತಿ ಮಾಡುತ್ತಿದ್ದೇವೆ.

ಜಗಳ ಬೇಡ ಅಂತ ಎದುರಿನ ಹೋಟೆಲಿಗೆ ಹೋದೆವು. ಸಾಹೇಬರು ಒಂದು ತಟ್ಟೆ ಇಡ್ಲಿಗೆ ಮೂರು ಸಲ ಚಟ್ನಿ ಹಾಕಿಸಿಕೊಂಡರು. ಬಿಲ್ ನಾನು ಕೊಟ್ಟೆ.