ಅವರಿಗೆ ಮೊದಲೇ ಗೊತ್ತಿತ್ತು

ಬೆಳಿಗ್ಗೆ ಮಗನ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಮೊಬೈಲ್ ಟಿಣ್ ಅಂತು. ಪಾಪ್ಲಾದಿಂದ ಮೇಲ್. ಖಾಸಗಿ ಪಾರ್ಕಿಂಗ್ ನೋಟಿಸಿನ ಮೇಲಿನ ಅಪೀಲು ಕೇಳುವ ಸಂಸ್ಥೆ ಅದು. ಪಾರ್ಕಿಂಗ್ ಕಂಪನಿಯವರು ನೋಟಿಸ್ ವಾಪಸ್ ತೆಗೆದುಕೊಂಡಿದ್ದಾರೆ, ನೀವು ಏನೂ ಕಟ್ಟಬೇಕಾಗಿಲ್ಲ. ಅಷ್ಟೇ. ಎರಡೂವರೆ ತಿಂಗಳು ನನ್ನ ತಲೆ ತಿಂದ ವಿಷಯಕ್ಕೆ ಎರಡು ಸಾಲು. ಕೈಯಲ್ಲಿ ಸೌಟು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಆಮೇಲೆ ಇನ್ನೊಂದು ಸಲ ಓದಿದೆ. ಸಿಟ್ಟು ನೆತ್ತಿಗೇರಿತು.

ವಾದ ಮಾಡಿ ಸೋತಿದ್ದರೆ ಬೇರೆ ಮಾತು. ಇವರು ವಾದವನ್ನೇ ಮಾಡಲಿಲ್ಲ. ನನ್ನ ಅಪೀಲು ನೋಡಿದ ತಕ್ಷಣ ಬಾಲ ಮುದುರಿಕೊಂಡು ಹೊರಟರು. ಅಂದರೆ ಮೊದಲಿನಿಂದಲೂ ಗೊತ್ತಿತ್ತು ಅವರಿಗೆ!

ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿದ್ದು ನಿಮಗೆಲ್ಲ ಗೊತ್ತು, ಫೋಟೊ ಹಾಕಿ ಹಾಕಿ ಬೇಜಾರು ಮಾಡಿದ್ದೆ. ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು ಲಂಡನ್ನಿನಿಂದ ರೈಲಿನಲ್ಲಿ ವಾಪಸ್ ಬರುತ್ತಿದ್ದರು. ನಮ್ಮ ಕಾರು ಇಲ್ಲಿನ ಸ್ಟೇಷನ್ ಪಾರ್ಕಿಂಗಿನಲ್ಲಿ ನಿಂತಿತ್ತು. ಓಡಿಸಿಕೊಂಡು ಹೋದದ್ದು ಯಾರು ಅಂತ ಮಾತ್ರ ಕೇಳಬೇಡಿ. ಇಲ್ಲೂ ಹೇಳುವುದಿಲ್ಲ. ಸ್ಟೀರಿಂಗ್ ಹಿಡಿದವರು ಅಂತಿಟ್ಟುಕೊಳ್ಳಿ, ಸಾಕು.

ಸ್ಟೀರಿಂಗ್ ಹಿಡಿದವರು ಒಂದು ಗಂಟೆಗೆ ದುಡ್ಡು ಕಟ್ಟಿದ್ದರು. ರೈಲು ತಡವಾಯಿತು. ಬಂದ ಮೇಲೆ ನೋಡಿದರೆ ಲಿಫ್ಟ್ ಕೆಟ್ಟಿದೆ. ಅಮ್ಮನ ಮಂಡಿ ನಿಮಗೆ ಗೊತ್ತೇ ಇದೆ. ಓವರ್‌ಬ್ರಿಡ್ಜಿನ ಮೆಟ್ಟಿಲನ್ನು ಒಂದೊಂದೇ ಹತ್ತಿ, ನಡುವೆ ಕೂತು, 'ಇದೇನೇ ಇವರ ದೇಶ' ಅಂತ ಬೈದು, ಮತ್ತೆ ಇಳಿದು ಬರುವಷ್ಟರಲ್ಲಿ 27 ನಿಮಿಷ ಜಾಸ್ತಿ ಆಗಿತ್ತು. ಊರಲ್ಲಾಗಿದ್ದರೆ ಚೀಟಿ ಹರಿಯುವ ಹುಡುಗನ ಹತ್ತಿರ ಎರಡು ಮಾತು ಜಗಳ ಆಡಿ, ಇನ್ನೊಂದು ಗಂಟೆಯ ದುಡ್ಡು ಕೊಟ್ಟು ಬರಬಹುದಿತ್ತು. ಇಲ್ಲಿ ಹುಡುಗ ಇಲ್ಲ. ಕಂಬದ ಮೇಲೆ ಕ್ಯಾಮೆರಾ ಇದೆ, ಅದಕ್ಕೆ ಮಂಡಿ ನೋವು ಅರ್ಥ ಆಗುವುದಿಲ್ಲ.

ಒಂಬತ್ತನೇ ದಿನಕ್ಕೆ ಕಾಗದ ಬಂತು. 100 ಪೌಂಡ್. 14 ದಿನದೊಳಗೆ ಕಟ್ಟಿದರೆ 60. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಪಿಸಿಎನ್. ಈ ಮೂರು ಅಕ್ಷರದ ಆಟ ನೋಡಿ. ಇಲ್ಲಿನ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥದ್ದು, ಹಾಕುವ ದಂಡಕ್ಕೂ ಪಿಸಿಎನ್ ಅಂತಲೇ ಹೆಸರು, ಅದು 'ಪೆನಾಲ್ಟಿ ಚಾರ್ಜ್ ನೋಟಿಸ್'. ಇವರದು 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಒಂದು ದಂಡ, ಇನ್ನೊಂದು ಖಾಸಗಿಯವರ ಬಿಲ್ಲು. ನೋಡಿದವರಿಗೆ ಎರಡೂ ಒಂದೇ. ಒಂದೇ ಥರ ಕಾಣಲಿ ಅಂತಲೇ ಮಾಡಿದ್ದು ಅಲ್ವಾ? ನಮ್ಮ ಹೆಸರು, ವಿಳಾಸ ಅವರಿಗೆ ಸಿಕ್ಕಿದ್ದು ಗಾಡಿ ರಿಜಿಸ್ಟ್ರೇಷನ್ ನೋಡಿಕೊಳ್ಳುವ ಡಿವಿಎಲ್‌ಎ ಇಲಾಖೆಯಿಂದ, ಒಂದಕ್ಕೆ ಎರಡೂವರೆ ಪೌಂಡ್ ಕೊಟ್ಟು. ನನ್ನ ಬೆಲೆ ಒಂದು ಕಾಫಿಗಿಂತ ಕಡಿಮೆ.

ಅಪ್ಪ, 'ಪರದೇಶ ಕಣಮ್ಮ, ಸುಮ್ನೆ ಕಟ್ಟಿಬಿಡು' ಅಂದರು. ಅಮ್ಮ ರೂಪಾಯಿಗೆ ಲೆಕ್ಕ ಹಾಕಿದರು, ಹತ್ತು ಸಾವಿರ ದಾಟಿತು. ಅವತ್ತು ರಾತ್ರಿ ನನ್ನ ರೂಮಿಗೆ ಬಂದು, ಊರಿಂದ ತಂದಿದ್ದ ಪೌಂಡ್ ನೋಟುಗಳನ್ನು ಮಂಚದ ಮೇಲಿಟ್ಟು, 'ನನ್ನ ಕಾಲಿಂದ ಆಗಿದ್ದು, ನಾನೇ ಕೊಡ್ತೀನಿ' ಅಂದರು. ಆ ಕ್ಷಣದಲ್ಲಿ ತೀರ್ಮಾನ ಆಯಿತು. ಒಂದು ಪೆನ್ನಿ ಕಟ್ಟುವುದಿಲ್ಲ.

ಒಂದು ವಾರ ರಾತ್ರಿಯೆಲ್ಲ ಕೂತು ಓದಿದೆ. 2012ರಲ್ಲಿ ಇಂಗ್ಲೆಂಡು, ವೇಲ್ಸಿಗೆ 'ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್' ಅಂತ ಒಂದು ಕಾಯ್ದೆ ಬಂತು. ಖಾಸಗಿ ಜಾಗದಲ್ಲಿ ಗಾಡಿ ನಿಲ್ಲಿಸಿದವರು ಯಾರು ಅಂತ ಗೊತ್ತಾಗದಿದ್ದರೆ, ಆ ಗಾಡಿ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆಯೋ ಅವರಿಂದ ದುಡ್ಡು ಕೇಳಬಹುದು ಅಂತ ಅದರ ನಾಲ್ಕನೇ ಶೆಡ್ಯೂಲ್ ಹೇಳುತ್ತದೆ. ಆದರೆ ಬೇರೆ ಶಾಸನದ ಹತೋಟಿಯಲ್ಲಿರುವ ಜಾಗಕ್ಕೆ ಇದು ಅನ್ವಯಿಸುವುದಿಲ್ಲ. ರೈಲ್ವೆಗೆ ತನ್ನದೇ ಬೈಲಾ ಇದೆ, ಅದರ 14ನೇ ನಿಯಮವೇ ಪಾರ್ಕಿಂಗ್ ಬಗ್ಗೆ. ಹಾಗಾಗಿ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಈ ಕಂಪನಿಯವರು ಈ ಕಾಯ್ದೆ ಹಿಡಿದುಕೊಂಡು ನನ್ನ ಹತ್ತಿರ ಬರುವ ಹಾಗಿಲ್ಲ. ಓಡಿಸಿದವರ ಹತ್ತಿರ ಹೋಗಬೇಕು. ಓಡಿಸಿದವರು ಯಾರು? ಅವರಿಗೆ ಗೊತ್ತಿಲ್ಲ. ನಾನು ಹೇಳಬೇಕು ಅಂತ ಕಾನೂನೂ ಇಲ್ಲ. ಈಗ ಅರ್ಥ ಆಯ್ತಾ?

ಅದಕ್ಕೇ ಆ ಕಾಗದದಲ್ಲಿ ಅಷ್ಟು ವಿನಯ. 'ದಯವಿಟ್ಟು ಚಾಲಕರ ಹೆಸರು, ವಿಳಾಸ ತಿಳಿಸಿ.' ಎಷ್ಟು ಒಳ್ಳೆಯವರು!

ಬೈಲಾ ಪ್ರಕಾರವೇ ಹೋಗಲಿ ಅಂದರೆ ಅದು ಮ್ಯಾಜಿಸ್ಟ್ರೇಟ್ ಕೋರ್ಟಿನ ದಾರಿ. 6 ತಿಂಗಳೊಳಗೆ ಕೇಸು ಹಾಕಬೇಕು. ಅಲ್ಲಿ ಗೆದ್ದರೂ ದಂಡ ಸರ್ಕಾರದ ಖಜಾನೆಗೆ, ಕಂಪನಿಯ ಜೇಬಿಗಲ್ಲ. ತನ್ನ ಜೇಬಿಗೆ ಬರದ ದುಡ್ಡಿಗೆ ಯಾವ ಕಂಪನಿ ಕೋರ್ಟು ಮೆಟ್ಟಿಲು ಹತ್ತುತ್ತದೆ?

ನಮ್ಮವರದು ಇನ್ನೊಂದು ರಗಳೆ. 'ಹೇಳಿಬಿಡೋಣ ಕಣೇ, ಸುಳ್ಳು ಯಾಕೆ?' ರೀ, ಸುಳ್ಳು ಎಲ್ಲಿದೆ? ನಾನು ಓಡಿಸಿಲ್ಲ ಅಂತ ಬರೆದಿದ್ದರೆ ಸುಳ್ಳು ಇರಬಹುದಿತ್ತು. ನೀವು ಓಡಿಸಿದ್ದು ಅಂತ ಬರೆದರೂ ಸುಳ್ಳು ಇರಬಹುದಿತ್ತು. ನಾನು ಯಾರು ಅಂತಲೇ ಬರೆಯಲಿಲ್ಲ.

ಮೊದಲು ಕಂಪನಿಗೇ ಬರೆದೆ, 28 ದಿನ ಸಮಯ ಇತ್ತು. ಮೂರು ಪುಟ ಉತ್ತರ ಬಂತು, ನಾನು ಕೇಳಿದ್ದಕ್ಕೆ ಒಂದಕ್ಕೂ ಉತ್ತರ ಇಲ್ಲ. ಬೋರ್ಡ್ ಹಾಕಿದ್ದೇವೆ, ಓದಬೇಕಿತ್ತು ಅಂತ. ಜೊತೆಗೆ ಪಾಪ್ಲಾಕ್ಕೆ ಹೋಗಲು ಒಂದು ಕೋಡ್. ಅಲ್ಲಿ ಅಪೀಲು ನಮಗೆ ಪುಕ್ಕಟೆ, ಖರ್ಚು ಕಂಪನಿಯವರದು. ತೀರ್ಪು ಕಂಪನಿ ಒಪ್ಪಲೇಬೇಕು, ನಾವು ಒಪ್ಪಲೇಬೇಕು ಅಂತಿಲ್ಲ. ಕೈತಪ್ಪಿ ಹೋಗುವುದು ಒಂದೇ, 60ಕ್ಕೆ ಮುಗಿಸುವ ರಿಯಾಯಿತಿ. ಆ ರಿಯಾಯಿತಿ ಇರುವುದೇ ಅದಕ್ಕೆ. 'ಹಾಳಾಗಲಿ, 40 ಉಳಿಯಿತಲ್ಲ' ಅಂತ ನಮಗೆ ಅನ್ನಿಸಬೇಕು. ಅಪೀಲಿನಲ್ಲಿ ನಾನು ಬರೆದದ್ದು ಇಷ್ಟೇ: ಇದು ರೈಲ್ವೆ ಜಾಗ, ನಾನು ಕೀಪರ್ ಮಾತ್ರ (ಗಾಡಿ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆಯೋ ಅವರು), ಓಡಿಸಿದವರು ಯಾರು ಅಂತ ನೀವು ತೋರಿಸಿಲ್ಲ.

ಇವತ್ತು ವಾಪಸ್. ಹಾಗಾದರೆ ಮೊದಲ ಸಲ ಬರೆದಾಗ ಇದೇ ಮಾತು ಇರಲಿಲ್ವಾ? ಇತ್ತು. ಗೊತ್ತಿತ್ತು ಅವರಿಗೆ. ಹತ್ತು ಜನಕ್ಕೆ ಕಾಗದ ಕಳಿಸಿದರೆ ಎಷ್ಟು ಜನ ಪಾಪ್ಲಾದವರೆಗೆ ಹೋಗುತ್ತಾರೆ ಅನ್ನುವುದೂ ಗೊತ್ತಿರುತ್ತದೆ.

ನಮ್ಮೂರ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಮಧ್ಯಾಹ್ನವೇ ಉಪದೇಶ ಶುರು ಮಾಡಿದ್ದಾರೆ. ರೂಲ್ಸ್ ಅಂದರೆ ರೂಲ್ಸ್, ಇಲ್ಲದಿದ್ದರೆ ದಿನಾ ರೈಲಿಗೆ ಹೋಗುವವರಿಗೆ ಜಾಗ ಸಿಗುವುದಿಲ್ಲ, ಸುಪ್ರೀಂ ಕೋರ್ಟೇ ಒಪ್ಪಿದೆ ಅಂತ. ಒಪ್ಪಿದ್ದು ನಿಜ. 2015ರಲ್ಲಿ ಚೆಲ್ಮ್ಸ್‌ಫರ್ಡಿನ ಒಂದು ಶಾಪಿಂಗ್ ಜಾಗದಲ್ಲಿ 56 ನಿಮಿಷ ಜಾಸ್ತಿ ನಿಂತ ಬ್ಯಾರಿ ಬೀವಿಸ್ ಅನ್ನುವವರು 85 ಪೌಂಡ್ ಕಟ್ಟಬೇಕಾಯಿತು. ಸ್ವಾಮಿ, ಅದು ಎರಡು ಗಂಟೆ ಫ್ರೀ ಕೊಟ್ಟ ಅಂಗಡಿ ಜಾಗ. ಅಲ್ಲಿ ಓಡಿಸಿದವರು ಯಾರು ಅನ್ನುವ ಜಗಳವೇ ಇರಲಿಲ್ಲ. ಮತ್ತೆ, ಲಿಫ್ಟ್ ಕೆಟ್ಟಿದ್ದಕ್ಕೆ ಯಾರಿಗೆ ನೋಟಿಸ್ ಕಳಿಸಬೇಕು, ಅದನ್ನೂ ಹೇಳಿ. 27 ನಿಮಿಷದ ಬಾಡಿಗೆ ಕೇಳಿದ್ದರೆ ಅವತ್ತೇ ಕೊಡುತ್ತಿದ್ದೆ.

ಒಂದು ವಿಷಯ ಹೇಳಿಬಿಡುತ್ತೇನೆ, ಇದು ನಮ್ಮವರಿಗೂ ಗೊತ್ತಿಲ್ಲ. ಇಲ್ಲೇ ಕಾಯಂ ಆಗಿ ಇರಲು ಬೇಕಾದ ಐಎಲ್‌ಆರ್ ಅರ್ಜಿ ಹಾಕುವ ಮುಂಚೆ ಒಂದು ಸೂಪರ್‌ಮಾರ್ಕೆಟ್ ಪಾರ್ಕಿಂಗಿನಿಂದ ಇಂಥದ್ದೇ ಕಾಗದ ಬಂದಿತ್ತು. ರಸೀದಿ ನನ್ನ ಹತ್ತಿರವೇ ಇತ್ತು, ತಪ್ಪು ಅವರದೇ. ಆದರೂ ರಾತ್ರಿ ಹನ್ನೊಂದು ಗಂಟೆಗೆ ಬಾತ್‌ರೂಮಿನಲ್ಲಿ ಕೂತು 60 ಪೌಂಡ್ ಕಟ್ಟಿದೆ. ರೆಕಾರ್ಡ್ ಹಾಳಾಗುತ್ತೆ, ವಾಪಸ್ ಕಳಿಸಿಬಿಡುತ್ತಾರೆ ಅಂತ ಕೈ ನಡುಗುತ್ತಿತ್ತು. ಅದು ಕ್ರಿಮಿನಲ್ ವಿಷಯವೇ ಅಲ್ಲ. ಕೌಂಟಿ ಕೋರ್ಟಿನಲ್ಲಿ ಸೋತು, ಒಂದು ತಿಂಗಳಾದರೂ ಕಟ್ಟದಿದ್ದರೆ ಆಗ 6 ವರ್ಷ ಕ್ರೆಡಿಟ್ ರೆಕಾರ್ಡಿನಲ್ಲಿ ಕೂರುತ್ತದೆ. ಅದಕ್ಕೇ ಕೋರ್ಟಿನಿಂದ ಬಂದ ಕಾಗದವನ್ನು ಮಾತ್ರ ಕಸದ ಬುಟ್ಟಿಗೆ ಹಾಕಬೇಡಿ. ಕೌನ್ಸಿಲಿನದನ್ನೂ ಅಷ್ಟೇ. ವಸೂಲಿಯವರ ಕೆಂಪು ಅಕ್ಷರದ ಕಾಗದಕ್ಕೆ ಆ ತಾಕತ್ತಿಲ್ಲ. ಇದೆಲ್ಲ ಈಗ ಗೊತ್ತು. ಆಗ ವೀಸಾ ಬಿಟ್ಟರೆ ಬೇರೇನೂ ತಲೆಯಲ್ಲಿರಲಿಲ್ಲ. ಆ ಕಂಪನಿಗೆ ನನ್ನ ವೀಸಾ ವಿಷಯ ಗೊತ್ತಿರಲಿಲ್ಲ, ಆದರೆ ನನ್ನಂಥವರು ಇರುತ್ತಾರೆ ಅಂತ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಅಪ್ಪ, 'ಬರೆದು ಕೊಟ್ಟಿದ್ದಾರಾ? ಪ್ರಿಂಟ್ ತೆಗೆದಿಟ್ಟುಕೋ' ಅಂದರು. ಅಮ್ಮ ಫೋನ್ ಕಿತ್ತುಕೊಂಡು ಎಲ್ಲ ಕೇಳಿಸಿಕೊಂಡರು. ನಾನು ಇನ್ನೇನು ಶಭಾಷ್ ಅಂತಾರೆ ಅಂದುಕೊಂಡೆ.

'ಅದೆಲ್ಲ ಇರಲಿ ಪುಟ್ಟಿ, ಆ ಲಿಫ್ಟ್ ಸರಿ ಮಾಡಿದ್ರಾ?'