ಒಂದೆಲಗ: ಯಥೇಚ್ಛ

ನಮ್ಮೂರಿನ ಜೀವವೈವಿಧ್ಯ ಹೆಚ್ಚಿಸುವ ಸಭೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಸಾಗರದವರು ತೀರ್ಥಹಳ್ಳಿ ಅಂದುಕೊಳ್ಳಲಿ, ತೀರ್ಥಹಳ್ಳಿಯವರು ಸಾಗರ ಅಂದುಕೊಳ್ಳಲಿ. ಮೇ 22, ಜೀವವೈವಿಧ್ಯ ದಿನ. ಬಾಗಿಲಲ್ಲಿ ಕಟ್ಟಿದ್ದ ಫ್ಲೆಕ್ಸಿನಲ್ಲಿ ಜಿರಾಫೆ ಇತ್ತು. ನಮ್ಮ ವಾರ್ಡಿನಲ್ಲಂತೂ ನಾನು ಕಂಡಿಲ್ಲ.

ಊರೂರಿಗೂ ಒಂದು ಜೀವವೈವಿಧ್ಯ ಸಮಿತಿ ಇರಬೇಕು, ಅಲ್ಲಿನ ಗಿಡ, ಹಕ್ಕಿ, ಮೀನು, ನಾಟಿ ತಳಿಯನ್ನೆಲ್ಲ ಜನರನ್ನೇ ಕೇಳಿ ಬರೆದಿಡಬೇಕು. 2002ರಲ್ಲೇ ಕಾಯ್ದೆ ಬಂದಿದೆ. ವರ್ಷಗಟ್ಟಲೆ ಯಾರಿಗೂ ಅವಸರ ಇರಲಿಲ್ಲ. ಕೊನೆಗೆ ಹಸಿರು ನ್ಯಾಯಮಂಡಳಿ ಗದರಿತು: 2020ರ ಜನವರಿ 31ರೊಳಗೆ ಮುಗಿಸದಿದ್ದರೆ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ. ತಗೊಳ್ಳಿ, ಮೊದಲ ಮಳೆಗೆ ಅಣಬೆ ಎದ್ದ ಹಾಗೆ ದಾಖಲಾತಿಗಳು ಎದ್ದವು. ನಮ್ಮೂರಿನದೂ ಎದ್ದಿತು. ದಪ್ಪ ಬೈಂಡು. ನಮ್ಮ ಬೀದಿಗೆ ಮಾತ್ರ ಯಾರೂ ಕೇಳಲು ಬರಲಿಲ್ಲ. ಬಹುಶಃ ನಮ್ಮ ಮುಖ ನೋಡಿಯೇ ಬರೆದುಕೊಂಡಿರಬೇಕು.

ಪಕ್ಕದ ಮನೆ ಅಜ್ಜಿಯೂ ಬಂದಿದ್ದರು. ಎದ್ದು ನಿಂತು, "ಅಲ್ಲ ಮಾರಾಯ್ರೆ, ಕೆರೆದಂಡೆಯ ಒಂದೆಲಗ ಎಲ್ಲಿ ಹೋಯ್ತು?" ಅಂದರು.

ಅಧಿಕಾರಿ ಬೈಂಡು ತೆರೆದು ಬೆರಳಿಟ್ಟರು. "ಇದೆಯಲ್ಲ ಅಜ್ಜಿ. ಒಂದೆಲಗ, ಕೆರೆದಂಡೆ, ಯಥೇಚ್ಛ."

"ಅಲ್ಲಿ ಇಂಟರ್‌ಲಾಕ್ ಹಾಕಿದ್ದೀರಿ."

"ಅದು ಬೇರೆ ಕಾಮಗಾರಿ ಅಜ್ಜಿ. ಬೇರೆ ಲೆಕ್ಕ, ಬೇರೆ ಹೆಡ್ಡು."

ಆ ಬೇರೆ ಹೆಡ್ಡಿನ ಕೆಲಸ ನೋಡಲೇಬೇಕು. ಕೆರೆ ಸುತ್ತ ನೆಟ್ಟಗೆ ಗೋಡೆ. ಕಪ್ಪೆ ಮೇಲೆ ಬರಬೇಕಾದರೆ ಏಣಿ ಬೇಕು. ಕೇದಗೆ ಪೊದೆ ಕಡಿದ ಜಾಗದಲ್ಲಿ ಸಿಮೆಂಟಿನ ಬೆಳ್ಳಕ್ಕಿ, ಎರಡು. ಬಣ್ಣ ಹಾಕುವವನಿಗೆ ಯಾರೂ ಹೇಳಲಿಲ್ಲವೇನೋ, ಕೊಕ್ಕಿಗೆ ಲಿಪ್‌ಸ್ಟಿಕ್ ಕೆಂಪು ಬಳಿದಿದ್ದಾನೆ. ಮಂಡಗದ್ದೆಯ ಬೆಳ್ಳಕ್ಕಿಗಳದು ಒಂದು ರಗಳೆ: ಮಳೆಗಾಲಕ್ಕೆ ಬಂದು ತುಂಗೆಯ ನಡುಗಡ್ಡೆಯಲ್ಲಿ ಗೂಡು ಕಟ್ಟುತ್ತವೆ, ಮರಿ ಬಲಿತರೆ ಹಾರಿ ಹೋಗುತ್ತವೆ. ಇವು ಎಲ್ಲೂ ಹೋಗುವುದಿಲ್ಲ. ಯಾವಾಗ ಎಣಿಸಿದರೂ ಎರಡೇ. ಮುಂದಿನ ವರ್ಷ ಇನ್ನೆರಡು ತರಿಸಿ ಒಟ್ಟು ನಾಲ್ಕು ಮಾಡುವುದೆಂದು ಸಭೆ ತೀರ್ಮಾನಿಸಿತು. ಹೆಚ್ಚಿಸುವುದು ಅಂದರೆ ಅದೇ ಅಲ್ವಾ?

ಮಧ್ಯಾಹ್ನ ಊಟಕ್ಕೆ ತಂಬುಳಿ ಇತ್ತು. ಅಜ್ಜಿ ಲೋಟ ಮೂಸಿ, "ಒಂದೆಲಗ! ಸೊಪ್ಪು ಎಲ್ಲಿಂದ ತಂದೆಯೋ?" ಎಂದು ಬಡಿಸುವ ಹುಡುಗನನ್ನು ಕೇಳಿದರು.

"ಶಿವಮೊಗ್ಗ ಮಾರ್ಕೆಟಿಂದ, ಅಜ್ಜಿ."

ಎದುರು ಕೂತಿದ್ದ ಸದಸ್ಯರೊಬ್ಬರ ಮುಖ ಅರಳಿತು. ಎಂಜಲು ಕೈಯಲ್ಲೇ ಗುಮಾಸ್ತರನ್ನು ಕರೆದರು.

"ನೋಡಿ, ಇನ್ನೂ ಸಿಗ್ತಾ ಇದೆ. ಷರಾದಲ್ಲಿ ಬರೆದುಕೊಳ್ಳಿ."