ಹಿಮದ ಇಳಿಜಾರಿನಲ್ಲಿ ಕೈಗೆ ಕೋಲು ಬೇಕೇ?

ಊರುಗೋಲು ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಛಾಯೆಗಳಿವೆ. ನೆಲಕ್ಕೆ ಊರುವ ಕೋಲು ಎಂಬುದು ಒಂದು. ತನ್ನ ಕಾಲ ಮೇಲೆ ತಾನು ನಿಲ್ಲಲಾರದವನ ಆಸರೆ ಎಂಬುದು ಇನ್ನೊಂದು. ಸ್ಕೀ ಎಂಬ ಉದ್ದ ಹಲಗೆಗಳನ್ನು ಕಾಲಿಗೆ ತೊಟ್ಟು ಹಿಮದ ಮೇಲೆ ನಿಂತವರ ಜೋಡಿ ಕೋಲುಗಳು ಇವೆರಡರಲ್ಲಿ ಯಾವ ಅರ್ಥದ ಊರುಗೋಲುಗಳು ಎಂಬುದೇ ಮುಂದಿನ ಎರಡು ಬರಹಗಳ ವಾದ.

ವಾದಕ್ಕೆ ಇಳಿಯುವ ಮೊದಲು ಒಂದು ಗಡಿ ಹಾಕಿಕೊಳ್ಳಬೇಕು. ಏರು, ಇಳುಕಲು, ಸಮತಟ್ಟು ಎಲ್ಲವನ್ನೂ ದಾಟಿ ಹಲವು ಕಿಲೋಮೀಟರ್ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕೋಲಿನ ಅಗತ್ಯದ ಬಗ್ಗೆ ಯಾರಿಗೂ ಸಂದೇಹವಿಲ್ಲ. ಕೊಡಗಿನ ಸ್ಕೀ ಪಟು ಭವಾನಿ ತೆಕ್ಕಡ ನಂಜುಂಡ ಸ್ಪರ್ಧಿಸುವುದು ಈ ವಿಭಾಗದಲ್ಲಿ; ಅಲ್ಲಿ ತೋಳು ಮತ್ತು ಬೆನ್ನಿನ ಬಲವೆಲ್ಲ ಹಿಮಕ್ಕೆ ತಲುಪುವುದು ಕೋಲಿನ ಮೂಲಕವೇ. 2006ರ ಟ್ಯೂರಿನ್ ಒಲಿಂಪಿಕ್ಸ್‌ನ ಟೀಮ್ ಸ್ಪ್ರಿಂಟ್‌ನಲ್ಲಿ ಕೆನಡಾದ ಸಾರಾ ರೆನ್ನರ್ ಅವರ ಕೋಲು ಮುರಿದಾಗ, ದಾರಿಬದಿಯಲ್ಲಿ ನಿಂತಿದ್ದ ನಾರ್ವೆಯ ತರಬೇತುದಾರ ಬ್ಯೋರ್ನಾರ್ ಹೋಕೆನ್ಸ್‌ಮೂನ್ ತಮ್ಮ ಕೋಲನ್ನು ಅವರ ಕೈಗಿತ್ತರು. ಕೆನಡಾ ಬೆಳ್ಳಿ ಗೆದ್ದಿತು, ನಾರ್ವೆ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಒಂದು ಕೋಲಿಗೆ ಒಂದು ಪದಕದ ತೂಕವಿರುವ ಆ ಲೋಕವನ್ನು ಇಲ್ಲಿಗೇ ಬಿಡೋಣ. ನಮ್ಮ ಪ್ರಶ್ನೆ ಇಳಿಜಾರಿನ ಆಲ್ಪೈನ್ ಸ್ಕೀಯಿಂಗ್ ಕುರಿತದ್ದು, ಅದರಲ್ಲೂ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿಗಳಂಥ ಕಡೆ ಮೊದಲ ಬಾರಿ ಸ್ಕೀ ತೊಡುವ ವಯಸ್ಕರನ್ನು ಕುರಿತದ್ದು.

ಪರ: ಮೊದಲ ದಿನದಿಂದಲೇ ಕೋಲು ಕೈಯಲ್ಲಿರಲಿ

ಸ್ಕೀ ಕಲಿಯಲು ಹೋದವರ ಮೊದಲ ದಿನ ಜಾರುವುದರಲ್ಲಿ ಕಳೆಯುವುದಿಲ್ಲ. ನಡೆಯುವುದರಲ್ಲಿ, ಹತ್ತುವುದರಲ್ಲಿ, ಬಿದ್ದು ಏಳುವುದರಲ್ಲಿ ಕಳೆಯುತ್ತದೆ. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್ ಬೇಸಿಗೆಯಲ್ಲಿ ಹೆಸರಿಗೆ ತಕ್ಕಂತೆ ಹೂವಿನ ಹುಲ್ಲುಗಾವಲು, ಚಳಿಗಾಲದಲ್ಲಿ ಆ ಬಟ್ಟಲಿನಂಥ ಬಯಲೇ ಹೊಸಬರ ಪಾಠಶಾಲೆ. ಅಪರ್ವತ್ ಬೆಟ್ಟದಲ್ಲಿ ಸುಮಾರು 3,980 ಮೀಟರ್ ಎತ್ತರಕ್ಕೆ ಒಯ್ಯುವ ಗೊಂಡೊಲಾ ಎಂಬ ತಂತಿಗಾಡಿ ಅವರ ಪಾಲಿಗೆ ಇನ್ನೂ ದೂರದ ಮಾತು. ಹಿಮ್ಮಡಿಯನ್ನು ಹಲಗೆಗೆ ಬಿಗಿದುಬಿಡುವ, ಕಣಕಾಲು ಆಡಲು ಬಿಡದ ಗಟ್ಟಿ ಪ್ಲಾಸ್ಟಿಕ್ ಬೂಟಿನಲ್ಲಿ ಆ ಬಯಲನ್ನು ದಾಟುವುದೆಂದರೆ, ಮೊಳಕಾಲುದ್ದದ ಕೆಸರುಗದ್ದೆಯಲ್ಲಿ ಏಣಿಯೊಂದನ್ನು ಕಾಲಿಗೆ ಕಟ್ಟಿಕೊಂಡು ನಡೆದಂತೆ. ಕೋಲಿಲ್ಲದವನು ಅಲ್ಲಿ ಹತ್ತು ಹೆಜ್ಜೆಗೆ ಎರಡು ಹೆಜ್ಜೆ ಹಿಂದಕ್ಕೆ ಜಾರುತ್ತಾನೆ. ಇಳಿಜಾರಿಗೆ ಅಡ್ಡಲಾಗಿ ನಿಂತು ಪಕ್ಕದ ಹೆಜ್ಜೆಯಿಡುತ್ತ ಏರುವಾಗ ಕೆಳಗಿನ ಕೋಲು ತಡೆ, ಮೇಲಿನ ಕೋಲು ಹಿಡಿ. ಬಿದ್ದಾಗ ಮೈಯನ್ನು ಮೇಲೆತ್ತುವುದಕ್ಕೂ, ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೆರೆಯುವುದಕ್ಕೂ, ಬೂಟನ್ನು ಸ್ಕೀಗೆ ಕಚ್ಚಿಹಿಡಿಯುವ ಬೈಂಡಿಂಗಿನ ಹಿಂಬದಿಯ ಸನ್ನೆಗೋಲನ್ನು ಬಗ್ಗದೆಯೇ ಒತ್ತಿ ಬಿಡಿಸುವುದಕ್ಕೂ ಒದಗುವುದು ಅದೇ ಕೋಲು. ಇವು ಚಿಕ್ಕ ಕೆಲಸಗಳೆಂದು ತೋರಬಹುದು, ಆದರೆ ಹೊಸಬನ ದಿನವೆಂದರೆ ಹೆಚ್ಚೂಕಡಿಮೆ ಇವೇ ಕೆಲಸಗಳು, ಮತ್ತು ಅವನು ಮಧ್ಯಾಹ್ನಕ್ಕೆ ಸೋತು ಕೂರುವುದು ಜಾರಿ ಅಲ್ಲ, ಹತ್ತಿ.

ಆದರೂ ಕೋಲಿನ ನಿಜವಾದ ಸಮರ್ಥನೆ ಇರುವುದು ತಿರುವಿನಲ್ಲಿ. ಪಳಗಿದ ಸ್ಕೀಯರ್ ಒಂದು ತಿರುವನ್ನು ಮುಗಿಸಿ ಇನ್ನೊಂದನ್ನು ಆರಂಭಿಸುವ ಗಳಿಗೆಯಲ್ಲಿ, ಮುಂದೆ ತಿರುಗಬೇಕಾದ ಬದಿಯ ಕೋಲನ್ನು ಹಿಮಕ್ಕೆ ಮೃದುವಾಗಿ ಮುಟ್ಟಿಸುತ್ತಾನೆ. ಆ ಸ್ಪರ್ಶಕ್ಕೆ ಭಾರ ಹೊರುವ ಉದ್ದೇಶವಿಲ್ಲ. ಅದು ತಾಳದ ಪೆಟ್ಟು. ಕೋಲು ಮುಂದಕ್ಕೆ ಚಾಚಿದಾಗ ಕೈ ಮುಂದೆ ಬರುತ್ತದೆ, ಕೈ ಮುಂದೆ ಬಂದಾಗ ಎದೆ ಇಳಿಜಾರಿನತ್ತ ತಿರುಗುತ್ತದೆ, ಎದೆ ಅತ್ತ ತಿರುಗಿದಾಗ ಮೈಭಾರ ಹಿಮ್ಮಡಿಯಿಂದ ಬೂಟಿನ ಮುಂಭಾಗಕ್ಕೆ ಇಳಿಯುತ್ತದೆ. ಇಳಿಜಾರು ಕಂಡು ಹೆದರಿದ ದೇಹ ತಾನಾಗಿ ಮಾಡುವುದು ಇದಕ್ಕೆ ನೇರ ವಿರುದ್ಧವಾದದ್ದನ್ನು, ಅಂದರೆ ಹಿಂದಕ್ಕೆ ವಾಲಿ ಗುಡ್ಡಕ್ಕೆ ಆತುಕೊಳ್ಳುವುದನ್ನು. ಹಾಗೆ ವಾಲಿದೊಡನೆ ಸ್ಕೀಯ ಮುಂತುದಿ ಹಿಡಿತ ತಪ್ಪುತ್ತದೆ, ತಿರುವು ಕೈಕೊಡುತ್ತದೆ. ಕಡಿದಾದ ಜಾಗದಲ್ಲೂ, ಮೊಗಲ್ ಎಂದು ಕರೆಯುವ ಹಿಮದ ದಿಬ್ಬಗಳ ನಡುವೆಯೂ ಕೋಲಿನ ಕೆಲಸ ಇನ್ನಷ್ಟು ಗಟ್ಟಿಯಾದದ್ದು: ಬಲವಾಗಿ ಊರಿದ ಕೋಲು ಮೇಲುಮೈಯನ್ನು ಅಲ್ಲಿಯೇ ತಡೆದು ನಿಲ್ಲಿಸುತ್ತದೆ, ಸೊಂಟದ ಕೆಳಗೆ ತಿರುಚಿಕೊಂಡಿದ್ದ ಕಾಲುಗಳು ಸುರುಳಿ ಬಿಚ್ಚಿದಂತೆ ಹೊಸ ದಿಕ್ಕಿಗೆ ಹೊರಳುತ್ತವೆ.

ಇದರ ಮೇಲೆ ಕೋಲು ಕುರುಡನ ಕೈಬೆತ್ತವೂ ಹೌದು. ಮೋಡ ಕವಿದು ಆಕಾಶವೂ ನೆಲವೂ ಒಂದೇ ಬಿಳುಪಾದಾಗ, ಮುಂದಿನ ಎರಡು ಅಡಿ ಇಳಿಯುತ್ತದೆಯೋ ಏರುತ್ತದೆಯೋ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಕೋಲಿನ ಮೊನೆಗೆ ತಿಳಿಯುತ್ತದೆ.

ಇತಿಹಾಸವೂ ಇದೇ ಕಡೆಗಿದೆ. ಆಸ್ಟ್ರಿಯಾದ ಲಿಲಿಯೆನ್‌ಫೆಲ್ಡ್‌ನಲ್ಲಿ ಮಥಿಯಾಸ್ ಜ್ಡಾರ್ಸ್ಕಿ 1890ರ ದಶಕದಲ್ಲಿ ಆಲ್ಪೈನ್ ಸ್ಕೀಯಿಂಗ್‌ಗೆ ಮೊದಲ ಶಾಸ್ತ್ರವನ್ನು ಕಟ್ಟಿದಾಗ ಅವನ ಕೈಯಲ್ಲಿದ್ದದ್ದು ಒಂದೇ ಉದ್ದ ಕೋಲು. ಅವನ ನಂತರ ಗೇಯೊರ್ಗ್ ಬಿಲ್ಗೆರಿ ಮುಂತಾದವರು ಎರಡು ಕೋಲುಗಳ ಪದ್ಧತಿಯನ್ನು ಪ್ರಚಾರಕ್ಕೆ ತಂದರು. 1958ರಲ್ಲಿ ಅಮೆರಿಕದ ಐಡಾಹೊ ರಾಜ್ಯದ ಎಡ್ವರ್ಡ್ ಸ್ಕಾಟ್, ತುದಿಯತ್ತ ಸಣ್ಣಗಾಗುವ ಹಗುರ ಅಲ್ಯೂಮಿನಿಯಂ ಕೋಲನ್ನು ರೂಪಿಸಿದ. ಕೋಲು ನಿರುಪಯೋಗಿಯಾಗಿದ್ದರೆ ಅದನ್ನು ಕೈಬಿಡುವುದಕ್ಕೆ ನೂರು ವರ್ಷಗಳ ಅವಕಾಶವಿತ್ತು. ಬಲ್ಲವರು ಮಾಡಿದ್ದು ಅದನ್ನು ಹಗುರಗೊಳಿಸುವುದನ್ನು ಮಾತ್ರ. ಗುಲ್ಮಾರ್ಗಿನ ಹಿಮದಲ್ಲೇ ಬೆಳೆದು 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಆರಿಫ್ ಖಾನ್ ಸ್ಪರ್ಧಿಸಿದ, ನೆಟ್ಟ ಕಂಬಗಳ ನಡುವೆ ತಿರುಗುತ್ತ ಇಳಿಯುವ ಸ್ಲಾಲಮ್ ಮತ್ತು ಜಯಂಟ್ ಸ್ಲಾಲಮ್‌ಗಳಲ್ಲಿ ಬರಿಗೈಯಲ್ಲಿ ಇಳಿಯುವವರನ್ನು ಕಾಣುವುದಿಲ್ಲ.

ಎಂದಾದರೂ ಬಳಸಲೇಬೇಕಾದ ಸಲಕರಣೆಯನ್ನು ಮೊದಲ ದಿನವೇ ಕೈಗೆ ಕೊಡುವುದು ಲೇಸು. ಕೋಲಿಲ್ಲದೆ ಅಭ್ಯಾಸ ಮಾಡಿದವನ ಕೈಗಳು ತೊಡೆಯ ಪಕ್ಕದಲ್ಲಿ ಜೋತುಬೀಳುವುದನ್ನು ಕಲಿತಿರುತ್ತವೆ, ಆ ಚಟವನ್ನು ಆಮೇಲೆ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಕೊಡುವಾಗ ಅಳತೆ ಮಾತ್ರ ನೋಡಬೇಕು: ಕೋಲನ್ನು ತಲೆಕೆಳಗು ಮಾಡಿ, ಮೊನೆಯ ಬಳಿಯ ಬಿಲ್ಲೆಯ ಕೆಳಗೆ ಹಿಡಿದಾಗ ಮೊಣಕೈ ಲಂಬಕೋನದಲ್ಲಿದ್ದರೆ ಅದು ಸರಿಯಾದ ಉದ್ದ. ಬಾಡಿಗೆಯ ರಾಶಿಯಿಂದ ಕೈಗೆ ಸಿಕ್ಕ ಜೋಡಿಯನ್ನು ಎಳೆದುಕೊಂಡು ಹೋದವರು ಆಮೇಲೆ ಕೋಲನ್ನು ಬೈಯುವುದರಲ್ಲಿ ನ್ಯಾಯವಿಲ್ಲ.

ವಿರೋಧ: ಕಾಲು ಕಲಿಯುವವರೆಗೆ ಕೈ ಬರಿದಾಗಿರಲಿ

ಬಾವಿಯಲ್ಲಿ ಈಜು ಕಲಿಸುವಾಗ ನಮ್ಮ ಹಿರಿಯರು ಸೊಂಟಕ್ಕೆ ಸೋರೆಬುರುಡೆ ಕಟ್ಟುತ್ತಿದ್ದರು. ಬುರುಡೆ ಕಲಿಯುವವನಿಗೆ ಬೇಕು, ಕಲಿತ ಮೇಲೆ ಬೇಡ. ಸ್ಕೀ ಕೋಲಿನ ಪರವಾಗಿ ಮೇಲೆ ಹೇಳಿರುವ ಅತ್ಯುತ್ತಮ ಕಾರಣಗಳನ್ನು ಇನ್ನೊಮ್ಮೆ ಓದಿದರೆ ಅಲ್ಲಿ ಲೆಕ್ಕ ತಿರುವುಮುರುವಾಗಿರುವುದು ಕಾಣುತ್ತದೆ. ತಿರುವಿನ ತಾಳ, ಕಡಿದಾದ ಇಳಿಜಾರು, ಹಿಮದ ದಿಬ್ಬಗಳು, ಸ್ಲಾಲಮ್, ಇವೆಲ್ಲವೂ ಆಗಲೇ ಬಲ್ಲವನ ಅಗತ್ಯಗಳು. ಒಂದು ತಿರುವನ್ನೂ ತಿರುಗಲಾರದವನಿಗೆ ತಿರುವಿನ ತಾಳದಿಂದ ಏನು ಪ್ರಯೋಜನ? ಅವನ ಪಾಲಿಗೆ ಉಳಿಯುವುದು ನಡೆಯುವ ಮತ್ತು ಹತ್ತುವ ಕೆಲಸ. ಅಲ್ಲಿ ಕೋಲು ನೆರವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತುವಾಗ ಇಟ್ಟುಕೊಳ್ಳಲಿ, ಇಳಿಯುವಾಗ ಕೆಳಗಿಡಲಿ.

ಇಳಿಯುವಾಗ ಹೊಸಬನ ಮನಸ್ಸು ಒಂದೇ ವಿಷಯದ ಮೇಲಿರಬೇಕು, ಅದು ಪಾದ. ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿ ವೇಗ ತಗ್ಗಿಸುವುದು, ಆಮೇಲೆ ತಿರುವಿನ ಹೊರಬದಿಯ ಸ್ಕೀ ಮೇಲೆ ಭಾರ ಹಾಕಿ ದಿಕ್ಕು ಬದಲಿಸುವುದು, ಮೊದಲ ಪಾಠವೆಂದರೆ ಇಷ್ಟೇ. ಇವೆರಡೂ ನಡೆಯುವುದು ಸೊಂಟದಿಂದ ಕೆಳಗೆ. ಕೈಗೆ ಕೋಲು ಬಂದೊಡನೆ ಗಮನ ಕೈಗೆ ಏರುತ್ತದೆ. ವೇಗ ಹೆಚ್ಚಿದಾಗ ಹೊಸಬ ಸ್ಕೀಗಳನ್ನು ಅಗಲಿಸುವ ಬದಲು ಕೋಲನ್ನು ಮುಂದೆ ಚುಚ್ಚಿ ನಿಲ್ಲಲು ನೋಡುತ್ತಾನೆ. ಇಷ್ಟು ಸಣ್ಣ ಕೋಲು ಚಲಿಸುತ್ತಿರುವ ಮನುಷ್ಯನನ್ನು ನಿಲ್ಲಿಸಲಾರದು. ಆದ್ದರಿಂದ ಅವನ ಪಕ್ಕೆಗೋ ಪಕ್ಕದವನ ಕಾಲಿಗೋ ಅದು ತಗಲುತ್ತದೆ. ಆಲ್ಪ್ಸ್ ಸೀಮೆಯ ಸ್ಕೀ ಶಾಲೆಗಳಲ್ಲಿ ಪುಟ್ಟ ಮಕ್ಕಳಿಗೆ ಕೋಲು ಕೊಡದಿರುವುದು ಸಾಮಾನ್ಯ ರೂಢಿ. ಆ ಮಕ್ಕಳು ಕೈಗಳನ್ನು ಮೊಣಕಾಲ ಮೇಲಿಟ್ಟೋ, ಕೊಕ್ಕರೆಯ ರೆಕ್ಕೆಯಂತೆ ಚಾಚಿಯೋ ಸಾಲಾಗಿ ಇಳಿಯುತ್ತವೆ. ಅವುಗಳ ಪಕ್ಕದಲ್ಲಿ ಕೋಲುಗಳ ಮೇಲೆ ಒರಗಿ ನಡುಗುತ್ತ ನಿಂತ ವಯಸ್ಕನಿಗೆ ಮಾತ್ರ ಬೇರೆ ನಿಯಮ ಏಕೆ ಎಂಬುದಕ್ಕೆ, ಅವನ ಮಾನ ಉಳಿಸುವುದರ ಹೊರತು ಬೇರೆ ಕಾರಣ ನನಗೆ ಕಾಣಿಸಿಲ್ಲ.

ಕೈ ಜೋತುಬೀಳುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ತಟ್ಟೆಯೊಂದನ್ನು ಎದೆಯ ಮುಂದೆ ಹಿಡಿದಂತೆ ಕೈಗಳನ್ನು ಇರಿಸಿಕೊಳ್ಳಲು ಹೇಳಿದರೆ ಸಾಕು, ಅದಕ್ಕೆ ಕೋಲಿನ ಹಂಗಿಲ್ಲ. ಅಷ್ಟೇ ಅಲ್ಲ, ಪಳಗಿದವರ ತರಬೇತಿಯಲ್ಲೂ ಕೋಲನ್ನು ಕಸಿದುಕೊಂಡು ಇಳಿಸುವ ಪಾಠವಿದೆ, ಏಕೆಂದರೆ ತೋಳು ಬೀಸಿ ತಿರುವನ್ನು ಎಳೆದುಕೊಳ್ಳುವ ಕಳ್ಳದಾರಿ ಆಗ ಮುಚ್ಚುತ್ತದೆ, ಕಾಲಿನ ತಪ್ಪು ಬಯಲಾಗುತ್ತದೆ.

ಗಾಯದ ವಿಷಯವನ್ನು ಪರವಾದಿಗಳು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಇಲ್ಲಿ ಆ ಒಂದು ವಾಕ್ಯವೂ ಇರಲಿಲ್ಲ. ಮೂಳೆವೈದ್ಯರು ಸ್ಕೀಯರ್ಸ್ ಥಂಬ್ ಎಂದು ಕರೆಯುವ ಗಾಯಕ್ಕೆ ಆ ಹೆಸರು ಬಂದದ್ದು ಈ ಕೋಲಿನಿಂದಲೇ. ಬೀಳುವಾಗ ಮನುಷ್ಯ ಅಂಗೈ ಚಾಚುತ್ತಾನೆ. ಅಂಗೈಯಲ್ಲಿ ಕೋಲಿನ ಹಿಡಿ ಇದ್ದರೆ ಅದು ಹೆಬ್ಬೆರಳನ್ನು ಉಳಿದ ಬೆರಳುಗಳಿಂದ ಹೊರಕ್ಕೆ ಸೀಳಿದಂತೆ ತಳ್ಳುತ್ತದೆ, ಹೆಬ್ಬೆರಳ ಬುಡದ ಕೀಲನ್ನು ಒಳಬದಿಯಿಂದ ಹಿಡಿದಿಟ್ಟಿರುವ ಅಸ್ಥಿರಜ್ಜು ಹರಿಯುತ್ತದೆ. ಮಣಿಕಟ್ಟಿಗೆ ಕೋಲಿನ ಹಿಡಿಯ ಪಟ್ಟಿ ಸುತ್ತಿಕೊಂಡಿದ್ದರೆ ಕೋಲನ್ನು ಎಸೆದು ಪಾರಾಗುವ ದಾರಿಯೂ ಇಲ್ಲ. ಪೂರ್ತಿ ಹರಿದ ರಜ್ಜು ಪಕ್ಕದ ಪೊರೆಯ ಮೇಲೆ ಮಡಿಚಿಕೊಂಡರೆ ತಾನಾಗಿ ಕೂಡುವುದಿಲ್ಲ, ಶಸ್ತ್ರಚಿಕಿತ್ಸೆಯೇ ಆಗಬೇಕು. ಕೀಲಿಕೈ ತಿರುಗಿಸುವುದು, ಲೇಖನಿ ಹಿಡಿಯುವುದು, ತುತ್ತು ಕಲಸುವುದು ಎಲ್ಲಕ್ಕೂ ಬೇಕಾದ ಬೆರಳು ಅದು. ಅನುಭವಿಗಳು ಕೂಡ ಮರಗಳ ನಡುವೆ ಮತ್ತು ಹಿಮಕುಸಿತದ ಭಯವಿರುವ ಜಾಗದಲ್ಲಿ ಪಟ್ಟಿಯಿಂದ ಕೈ ಬಿಡಿಸಿಕೊಂಡೇ ಇಳಿಯುತ್ತಾರೆ. ಕೊಂಬೆಗೆ ಸಿಕ್ಕಿದ ಕೋಲು ತೋಳನ್ನೇ ಎಳೆಯಬಲ್ಲದು, ಹಿಮದಡಿ ಹೂತ ಕೋಲು ಲಂಗರಿನಂತೆ ಕೈಯನ್ನು ಕಟ್ಟಿಹಾಕಬಲ್ಲದು.

ಇತಿಹಾಸವನ್ನು ಸಾಕ್ಷಿಗೆ ಕರೆದವರು ಅದರ ಪೂರ್ತಿ ಮಾತನ್ನು ಕೇಳಬೇಕು. ಹಿಂದಿನವರು ದಪ್ಪ ಒಂಟಿಕೋಲನ್ನು ಕಾಲುಗಳ ನಡುವೆ ತೂರಿಸಿ, ಅದರ ಮೇಲೆ ಕುಳಿತಂತೆ ಭಾರ ಹಾಕಿ ವೇಗ ತಡೆಯುತ್ತಿದ್ದರು. ಒಂಟಿಕೋಲು ಹೋಗಿ ಜೋಡಿ ಬಂದಾಗ ಆ ಆಸರೆ ಹೋಯಿತು, ಏಕೆಂದರೆ ಎರಡು ತೆಳು ಕೋಲುಗಳ ಮೇಲೆ ಯಾರೂ ಕೂರಲಾರರು. ಸ್ಕಾಟನ ಅಲ್ಯೂಮಿನಿಯಂ ಕೋಲು ಇನ್ನೂ ಹಗುರ. ಹೀಗೆ ಹಗುರವಾಗುತ್ತ ಬಂದದ್ದು ಕೋಲಿನ ಗೆಲುವೋ, ಕಾಲಿನ ಗೆಲುವೋ? ಸ್ಕೀ ಜಂಪಿಂಗ್‌ನಲ್ಲಿ ಕೋಲೇ ಇಲ್ಲ. ಗಾಳಿಯಲ್ಲಿ ಲಾಗ ಹಾಕುವ ಏರಿಯಲ್ಸ್ ಪಟುಗಳೂ ಬರಿಗೈಯಲ್ಲೇ ಹಾರಿ ಬರಿಗೈಯಲ್ಲೇ ಇಳಿಯುತ್ತಾರೆ. ಅದೇ ಇಳಿಜಾರಿನಲ್ಲಿ ಸ್ನೋಬೋರ್ಡಿನವರು ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಕೋಲಿಲ್ಲದೆ ತಿರುಗುತ್ತಾರೆ. 1990ರ ದಶಕದಲ್ಲಿ, ನಡು ಕಿರಿದಾಗಿ ತುದಿಗಳು ಅಗಲವಾದ ಕಾರ್ವಿಂಗ್ ಸ್ಕೀಗಳು ಬಂದ ಮೇಲಂತೂ ಹದಗೊಳಿಸಿದ ಹಾದಿಯಲ್ಲಿ ಹಲಗೆಯನ್ನು ಅಂಚಿನ ಮೇಲೆ ವಾಲಿಸಿದರೆ ಸಾಕು, ಅದರ ಆಕಾರವೇ ತಿರುವನ್ನು ಕೊರೆಯುತ್ತದೆ. ಹಳೆಯ ನೇರ ಸ್ಕೀಗಳ ಕಾಲದಲ್ಲಿ ಮೈಯನ್ನು ಮೇಲೆತ್ತಿ, ಕೋಲೂರಿ, ಹಲಗೆಯನ್ನು ಹೊರಳಿಸಬೇಕಿತ್ತು. ಆ ಕಾಲದ ಬೋಧನಾಕ್ರಮವನ್ನೇ ಇಂದಿನ ಹಲಗೆಯ ಮೇಲೆ ನಿಂತವನಿಗೂ ಒಪ್ಪಿಸುವುದು ಅಭ್ಯಾಸಬಲವೇ ಹೊರತು ವಿಚಾರವಲ್ಲ.

ಮಂಜಿನಲ್ಲಿ ಕೋಲಿನ ಮೊನೆ ಕಣ್ಣಾಗುತ್ತದೆ ಎಂಬ ಮಾತನ್ನು ಒಪ್ಪುತ್ತೇನೆ. ಮಂಜು ಕವಿದಾಗ ಹೊಸಬರು ಇಳಿಜಾರಿನಲ್ಲಿ ಇರಲೇಬಾರದು ಎಂಬುದನ್ನೂ ಸೇರಿಸುತ್ತೇನೆ.

ಎಷ್ಟು ದಿನ ಬರಿಗೈ ಎಂದು ಕೇಳಿದರೆ, ದಿನದ ಲೆಕ್ಕಕ್ಕಿಂತ ಕಾಲಿನ ಲೆಕ್ಕ ಹಿಡಿಯುವುದು ಒಳ್ಳೆಯದು. ಎಡಕ್ಕೊಂದು ಬಲಕ್ಕೊಂದು ಎಂದು ಹತ್ತು ತಿರುವುಗಳನ್ನು ನಿಲ್ಲದೆ ಪೋಣಿಸಿ, ಬೇಕೆಂದಲ್ಲಿ ನಿಲ್ಲಲು ಬಂದ ಮೇಲೆ ಕೋಲನ್ನು ತೆಗೆದುಕೊಳ್ಳಲಿ, ಪಟ್ಟಿಗೆ ಕೈ ತೂರಿಸದೆ ಬರೀ ಹಿಡಿಯನ್ನು ಹಿಡಿಯಲಿ. ಅಲ್ಲಿಯವರೆಗೆ ಎರಡೂ ಕೋಲುಗಳು ಇಳಿಜಾರಿನ ಬುಡದಲ್ಲಿ ಹಿಮಕ್ಕೆ ಊರಿಕೊಂಡು, ಎಲ್ಲಿ ನಿಲ್ಲಬೇಕೆಂಬುದಕ್ಕೆ ಗುರುತಾಗಿ ನಿಂತಿರಲಿ.